ಎಂಟು ಕಡಿಮೆ ಹೇಳುವ ಮುಳ್ಳು

ಅವರ ಬಲಗೈ ತೋರುಬೆರಳಿನ ತುದಿ ಸದಾ ಒದ್ದೆಯಾಗಿರುತ್ತಿತ್ತು. ಟೈರಿಗೆ ಗಾಳಿ ಹಾಕಿ ಮುಗಿಸಿದ ಮೇಲೆ ಆ ಬೆರಳನ್ನು ನಾಲಿಗೆಗೆ ಒತ್ತಿ, ಉಗುಳು ಹಚ್ಚಿ, ವಾಲ್ವಿನ ಬಾಯಿಯ ಮೇಲೆ ಇಟ್ಟು ಕೂಡುತ್ತಿದ್ದರು. ಉಗುಳಿನಲ್ಲಿ ಗುಳ್ಳೆ ಎದ್ದರೆ ಗಾಳಿ ಸೋರುತ್ತಿದೆ, ಏಳದಿದ್ದರೆ ಇಲ್ಲ. ಹೀಗೆ ನಾಲ್ಕು ಗಾಲಿ, ಮೇಲೆ ಡಿಕ್ಕಿಯೊಳಗಿನ ಸ್ಟೆಪ್ನಿ, ಒಟ್ಟು ಐದು ಸಲ. ಒಂದು ಟೈರಿನ ಧೂಳು ನಾಲಿಗೆಗೆ, ನಾಲಿಗೆಯ ಉಗುಳು ಇನ್ನೊಂದು ಟೈರಿಗೆ. ಮೊದಲ ಸಲ ನೋಡಿದಾಗ ನನಗೆ ಹೇಸಿಗೆಯಾಯಿತು. ಸಾಬೂನಿನ ನೀರು ತಂದುಕೊಡಲೇ ಎಂದು ಕೇಳಿದೆ.

"ಬ್ಯಾಡ್ರಿ ಟೀಚರ, ಸಾಬೂನಿಗಿ ರುಚಿ ಇರಂಗಿಲ್ಲ" ಅಂದರು.

ಭೀಮರಾಯನಗುಡಿಯಲ್ಲಿ ಅವರು ನನ್ನ ಪಕ್ಕದ ಮನೆಯವರು. ಕಾಲುವೆ ಯೋಜನೆಯ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾಗಿದ್ದರು. ಜೀಪು, ಟಿಪ್ಪರು, ರೋಲರು, ಯೋಜನೆಯ ಎಲ್ಲ ಗಾಡಿಗಳ ಕೆಳಗೂ ಒಮ್ಮೆಯಾದರೂ ಮಲಗಿ ಎದ್ದವರು. ನಾನು ಸುರಪುರದವಳು. ಇಲ್ಲಿನ ಹೈಸ್ಕೂಲಿಗೆ ಲೆಕ್ಕದ ಟೀಚರಾಗಿ ವರ್ಗವಾಗಿ ಬಂದು ಒಬ್ಬಳೇ ಮನೆ ಮಾಡಿದ್ದೆ. ಅವರಿಗೆ ಕಾಕಾ, ಅವರ ಹೆಂಡತಿಗೆ ಕಾಕು ಎಂದು ಕರೆಯಲು ಶುರು ಮಾಡಿದ್ದು ಯಾವಾಗ ಎಂದು ನೆನಪಿಲ್ಲ. ಬಂದ ಮೊದಲ ವಾರವೇ ಕಾಕು ಗೋಡೆಯ ಮೇಲಿಂದ ತಾಟು ಚಾಚಿ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ನನ್ನ ಪಡಸಾಲೆಯ ಬುದ್ಧನ ಮೂರ್ತಿ ನೋಡಿದ ಮೇಲೆ ಓಣಿಯ ಕೆಲವರು ಬರುವುದನ್ನು ಕಡಿಮೆ ಮಾಡಿದರು. ಕಾಕು ಮಾತ್ರ ತಾಟು ಒಯ್ಯಲು ಬಂದವಳು ಕೂತು, ನನ್ನ ಕೈಯಿಂದ ಚಹಾ ಮಾಡಿಸಿಕೊಂಡು ಕುಡಿದು, ಸಕ್ಕರೆ ಹೆಚ್ಚಾಯಿತು ಎಂದು ಬೈದು ಹೋದಳು. ಬಹುವಚನ ಹಚ್ಚಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಆದ್ದರಿಂದ ಇಲ್ಲಿಯೂ ಹಚ್ಚುವುದಿಲ್ಲ.

ನಿವೃತ್ತಿಯ ದಿನ ಬೇರೆಯವರು ಶಾಲು ಹೊದ್ದು ಹಾರ ಹಿಡಿದು ಮನೆಗೆ ಬರುತ್ತಾರೆ. ಇವರು ಅವುಗಳ ಜೊತೆಗೆ ಗಾಳಿ ತುಂಬುವ ಒಂದು ಕಂಪ್ರೆಸರನ್ನೂ ಆಟೋದಲ್ಲಿ ಹೇರಿಕೊಂಡು ಬಂದರಂತೆ. ಶಹಾಪುರದಲ್ಲಿ ಕಪಾಟುಗಳಿಗೆ ಬಣ್ಣ ಹೊಡೆಯುವವನೊಬ್ಬ ಮಾರಲು ಇಟ್ಟಿದ್ದ ಹಳೆಯದು. ಅಡ್ಡ ಮಲಗಿಸಿದ ಕೊಡದಂಥ ಕೆಂಪು ಟ್ಯಾಂಕು, ಅದರ ಬೆನ್ನ ಮೇಲೆ ಮೋಟರು, ಎಳೆದಾಡಲು ಎರಡು ಪುಟ್ಟ ಗಾಲಿ. ಮನೆಯ ಪ್ಲಗ್ಗಿಗೇ ಸಿಕ್ಕಿಸುವಂಥದು. ಹಚ್ಚಿದರೆ ಓಣಿಯ ನಾಯಿಗಳೆಲ್ಲ ಎದ್ದು ಬೇರೆ ಓಣಿಗೆ ಹೋಗುತ್ತಿದ್ದವು. ಟ್ಯಾಂಕು ತುಂಬಿದಾಗ ಟಪ್ ಎಂದು ತಾನೇ ನಿಲ್ಲುತ್ತಿತ್ತು. ಗಾಳಿಯನ್ನು ಒತ್ತಿ ತುಂಬಿದಾಗ ಅದರೊಳಗಿನ ತೇವ ಟ್ಯಾಂಕಿನ ತಳದಲ್ಲಿ ನೀರಾಗಿ ಕೂಡುತ್ತದೆ. ಹಾಗೇ ಬಿಟ್ಟರೆ ಒಳಗೊಳಗೇ ತುಕ್ಕು ಹಿಡಿದು, ಜಂಗು ತಿಂದು ಒಂದು ದಿನ ಟ್ಯಾಂಕೇ ಸಿಡಿದೀತು ಎಂದು ಅವರು ಪ್ರತಿ ಸಂಜೆ ತಳದ ತಿರುಪು ಸಡಿಲಿಸಿ ಆ ಕಂದು ನೀರನ್ನು ಹರಿಯಬಿಡುತ್ತಿದ್ದರು.

"ಹೊಟ್ಟ್ಯಾಗ ಹುಟ್ಟಿದ ಮಗಳನ್ನ ಒಂದಿನ ಎತ್ತಿ ಹೊಯ್ಸಲಿಲ್ಲ ಈ ಮುದುಕ. ಇದಕ ನೋಡವ್ವಾ, ದಿನಾ ಚಂಜಿಮುಂದ ಉಚ್ಚಿ ಹೊಯ್ಸತಾನ" ಎಂದು ಕಾಕು ಗೋಡೆಯಾಚೆಯಿಂದ ಕೂಗುತ್ತಿದ್ದಳು. ಕಾಕಾನ ಎಡಗಿವಿ ವರ್ಕ್‌ಶಾಪಿನ ಸದ್ದಿಗೆ ಹೋಗಿತ್ತು. ಬೇಡದ ಮಾತು ಬಂದಾಗ ಆ ಕಿವಿಯನ್ನೇ ಅವಳ ಕಡೆ ತಿರುಗಿಸಿ ಕೂಡುತ್ತಿದ್ದರು.

ಭಾನುವಾರ ಬೆಳಿಗ್ಗೆ ಅವರ ಅಂಗಳದಲ್ಲಿ ಗಾಳಿ ಸಂತೆ. ಹೆಸರಿಟ್ಟವಳು ಕಾಕು. ಯೋಜನೆಯ ಕ್ಯಾಂಪಿನ ಗುಮಾಸ್ತರು, ಕೃಷಿ ಕಾಲೇಜಿನವರು, ಒಬ್ಬಿಬ್ಬರು ಗುತ್ತಿಗೆದಾರರು, ಬಿಸಿಲೇರುವ ಮೊದಲೇ ಕಾರು ತಂದು ಸಾಲಾಗಿ ನಿಲ್ಲಿಸುತ್ತಿದ್ದರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. "ಗಾಳಿ ದೇವರದು, ಕರೆಂಟ ನಂದು, ಚಹಾ ಆಕಿದು" ಎನ್ನುತ್ತಿದ್ದರು. ಎಂಟು ಗಂಟೆಯ ನಂತರ ಬಂದವರನ್ನು ವಾಪಸ್ ಕಳಿಸುತ್ತಿದ್ದರು. ಟೈರು ತಣ್ಣಗಿದ್ದಾಗಲೇ ಗಾಳಿ ನೋಡಬೇಕು, ಓಡಿ ಬಂದವನ ನಾಡಿ ಹಿಡಿದರೆ ಖರೇ ತಿಳಿಯುತ್ತದೇನು ಎಂದು ಕೇಳುತ್ತಿದ್ದರು. ದೊಡ್ಡ ಅಧಿಕಾರಿಯಾದರೂ ಅಷ್ಟೆ, ಮುಂದಿನ ಭಾನುವಾರ ಬರ್ರಿ.

ಒಮ್ಮೆ ಕಾಲೇಜಿನ ಮೇಷ್ಟ್ರೊಬ್ಬರು ಟೈರಿನ ಮೇಲೆ ಅಚ್ಚಾಗಿದ್ದ ಅಂಕಿ ತೋರಿಸಿ, ಇಷ್ಟು ಹಾಕಿ, ಕಂಪನಿಯವರೇ ಬರೆದಿದ್ದಾರೆ ಎಂದು ಪಟ್ಟು ಹಿಡಿದರು. ಕಾಕಾ ಗಾಳಿ ಹಾಕುವ ಗನ್ನನ್ನು ಕೆಳಗಿಟ್ಟು ಎದ್ದು ನಿಂತರು.

"ಸರ, ನಿಮ್ಮ ಹೊಟ್ಟಿ ಒಡಿಯೂತನಕ ಎಷ್ಟು ಹಿಡಸತದ ಅನ್ನೂದು ಬ್ಯಾರೆ. ದಿನಾ ನಿಮಗ ಎಷ್ಟು ಬೇಕು ಅನ್ನೂದು ಬ್ಯಾರೆ. ಟೈರಿನ ಮ್ಯಾಲ ಬರದದ್ದು ಮೊದಲಿಂದು. ಡ್ರೈವರ ಬಾಗಲಾ ತಗದು ನೋಡ್ರಿ, ಅಲ್ಲಿ ಒಂದು ಚೀಟಿ ಅಂಟಿಸ್ಯಾರ. ಅದು ಎರಡನೇದು. ನಾ ಚೀಟಿ ಓದಾಂವ."

ಮೇಷ್ಟ್ರು ಬಾಗಿಲು ತೆಗೆದು ನೋಡಿದರು. ಚೀಟಿ ಇತ್ತು. ಕಾರು ಕೊಂಡು ನಾಲ್ಕು ವರ್ಷವಾಗಿದ್ದರೂ ಅವರು ಅದನ್ನು ನೋಡಿರಲಿಲ್ಲ.

ಇನ್ನು ಆ ಗನ್ನಿನ ವಿಷಯ. ಪೈಪಿನ ತುದಿಗೆ ಪಿಸ್ತೂಲಿನಂಥ ಹಿಡಿಕೆ, ಅದರ ಮೇಲೆ ಗಡಿಯಾರದಂಥ ಒಂದು ಬಿಲ್ಲೆ, ಬಿಲ್ಲೆಯೊಳಗೆ ಒಂದು ಮುಳ್ಳು. ಟೈರಿನೊಳಗೆ ಎಷ್ಟು ಗಾಳಿ ಇದೆ ಎಂದು ಆ ಮುಳ್ಳು ತೋರಿಸಬೇಕು. ಒಂದು ಸಲ ಅದು ಕಲ್ಲಿನ ಮೇಲೆ ಬಿದ್ದು ಮುಳ್ಳು ಜರುಗಿತ್ತು. ಅಂದಿನಿಂದ ಅದು ಎಂಟು ಪಾಯಿಂಟ್ ಕಡಿಮೆ ತೋರಿಸುತ್ತಿತ್ತು. ನನ್ನ ಕಾರಿನ ಚೀಟಿಯಲ್ಲಿ ಮೂವತ್ತೆರಡು. ಅಂದರೆ ಬಿಲ್ಲೆಯಲ್ಲಿ ಮುಳ್ಳು ಇಪ್ಪತ್ನಾಲ್ಕಕ್ಕೆ ಬಂದಾಗ ನಿಲ್ಲಿಸಬೇಕು, ಒಳಗೆ ಮೂವತ್ತೆರಡು ತುಂಬಿರುತ್ತದೆ. ಹೊಸದು ತರಬಾರದೇ ಎಂದು ಕೇಳಿದ್ದೆ.

"ಯಾಕ? ಇದು ಸುಳ್ಳ ಹೇಳತದ ಖರೇ, ಆದ್ರ ದಿನಾ ಒಂದಽ ಸುಳ್ಳ ಹೇಳತದ. ಅಂಥವರ ಜೋಡಿ ಬಾಳೇವು ಮಾಡಬಹುದು. ದಿನಕ್ಕೊಂದು ಸುಳ್ಳ ಹೇಳಾವರ ಜೋಡಿ ಆಗಂಗಿಲ್ಲ. ನೀವಂತೂ ಲೆಕ್ಕದ ಟೀಚರ, ಎಂಟು ಕಳಿಯೂದು ನಿಮಗೇನ್ ಕಲಸೂದು."

ಈ ಮಾತನ್ನು ನಾನು ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೆ. ಮಾತು ಬಾಯಿಪಾಠವಾಗಿತ್ತು.

ಕಾರು ನಾನು ನಲವತ್ತು ದಾಟಿದ ಮೇಲೆ ಕೊಂಡದ್ದು. ಸುರಪುರದಲ್ಲಿ ಸಂಬಂಧಿಕರೊಬ್ಬರು ಓಡಿಸಿ ಬಿಟ್ಟ ಚಿಕ್ಕ ಬಿಳಿ ಕಾರು. ಡ್ರೈವಿಂಗ್ ಕಲಿಸಿದವರು ಬೇರೆಯವರು, ಕಾರು ಎಂದರೇನು ಎಂದು ಕಲಿಸಿದವರು ಕಾಕಾ. ಜಾಕ್ ಎಲ್ಲಿ ಹಚ್ಚಬೇಕು, ನಟ್ಟುಗಳನ್ನು ಎದುರುಬದುರಾಗಿ ಏಕೆ ಬಿಗಿಯಬೇಕು, ಎಲ್ಲವನ್ನೂ ನನ್ನಿಂದಲೇ ಮಾಡಿಸಿದರು. ತಪ್ಪಿದರೆ ಬೈಯುತ್ತಿರಲಿಲ್ಲ, ಬಿಚ್ಚಿ ಮತ್ತೆ ಮಾಡು ಎನ್ನುತ್ತಿದ್ದರು. ರೀ ಹಚ್ಚಿ ಮಾತಾಡುತ್ತಿದ್ದವರು ಆ ದಿನಗಳಲ್ಲೇ ನೀ ಎನ್ನಲು ಶುರು ಮಾಡಿದರು. ಅದು ನನಗೆ ಭಾಳ ಇಷ್ಟವಾಗಿತ್ತು. ಅಪ್ಪ ಹೋದ ಮೇಲೆ ಗಂಡಸರ ಬಾಯಲ್ಲಿ ನೀ ಎಂದು ಅಷ್ಟು ಚೆನ್ನಾಗಿ ಕೇಳಿರಲಿಲ್ಲ.

ಕಂಪ್ರೆಸರನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನನಗೆ ಎರಡು ಮೂರು ಸಲ ಕೊಟ್ಟಿದ್ದರು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮುಳ್ಳಿನ ಮೇಲೆ ಕಣ್ಣಿಟ್ಟು. "ಬಿಡು" ಅಂದಾಗ ನಾನು ಬಿಡುತ್ತಿದ್ದೆ. ಎಷ್ಟಕ್ಕೆ ಬಿಡಬೇಕೆಂದು ನೋಡುವ ಕೆಲಸ ಅವರದು, ಕೈ ಮಾತ್ರ ನನ್ನದು. ಇದನ್ನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ.

ಆ ವರ್ಷ ಬೇಸಿಗೆ ರಜೆಯಲ್ಲಿ ಸುರಪುರಕ್ಕೆ ಅಕ್ಕನ ಮನೆಗೆ ಬಸ್ಸಿನಲ್ಲಿ ಹೋಗಿ ಹದಿನೈದು ದಿನ ಇದ್ದು ಬಂದೆ. ಕಾರು ಅಷ್ಟೂ ದಿನ ಬಿಸಿಲಲ್ಲೇ ನಿಂತಿತ್ತು. ಬಂದ ಮರುದಿನ ಮಧ್ಯಾಹ್ನ ಕಾಕಾ ಗೋಡೆಯ ಹತ್ತಿರ ಬಂದು ನಿಂತರು. ಕಾಕು ಬೆಳಿಗ್ಗೆಯಿಂದ ಎದೆ ಹಿಡಿದಂತಾಗಿ ಬೆವರುತ್ತಿದ್ದಳು. ಹತ್ತಿರದ ದವಾಖಾನೆಗೆ ಕರೆದೊಯ್ದಿದ್ದರು. ಅಲ್ಲಿ ನೋಡಿ, ತಡ ಮಾಡದೆ ಯಾದಗಿರಿಗೆ ಒಯ್ಯಿರಿ ಎಂದು ಚೀಟಿ ಬರೆದುಕೊಟ್ಟಿದ್ದರು. ಅಲ್ಲಿಯ ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು.

"ನಿನ್ನ ಗಾಡಿ ಹೊಂಟೀತೇನವ್ವಾ?"

"ಹೋಗ್ತದ ಕಾಕಾ, ಈಗ ತಗೀತೀನಿ" ಅಂದೆ.

ಹೊರಗೆ ಬಂದು ನೋಡಿದರೆ ಟೈರುಗಳು ಇಳಿದು ಕೂತಿದ್ದವು, ಎಡಗಡೆಯ ಹಿಂದಿನದಂತೂ ರಿಮ್ಮಿಗೆ ತಾಗುವಂತಿತ್ತು. ಕಾಕಾಗೆ ಹೇಳಿದೆ. ಅವರು ಒಳಗೆ ಕಾಕುವನ್ನು ಎಬ್ಬಿಸಿ ಸೀರೆ ಸರಿ ಮಾಡುತ್ತಿದ್ದರು. ಅಲ್ಲಿಂದಲೇ ಕೂಗಿದರು.

"ಕಂಪ್ರೆಸರ್ ಹಚ್ಚು, ನಾಕಕ್ಕೂ ಹಾಕು. ಎಂಟು ನೆನಪದ ಅಲ?"

"ನೆನಪದ ಕಾಕಾ."

ನೆನಪಿತ್ತು. ಎಂಟು ಎನ್ನುವುದು ನೆನಪಿತ್ತು. ಮುಳ್ಳು ಕಡಿಮೆ ಹೇಳುತ್ತದೆ ಎನ್ನುವುದೂ ನೆನಪಿತ್ತು. ಕಡಿಮೆ ಹೇಳುತ್ತದೆ, ಆದ್ದರಿಂದ ಎಂಟು ಕೂಡಿಸಿ ಹಾಕಬೇಕು ಎಂದುಕೊಂಡೆ. ಮೂವತ್ತೆರಡಕ್ಕೆ ಎಂಟು ಕೂಡಿಸಿದರೆ ನಲವತ್ತು. ಕಳೆಯುವಲ್ಲಿ ಕೂಡಿಸುವ ಮಕ್ಕಳಿಗೆ ನಾನು ಪೇಪರಿನ ಮೇಲೆ ಕೆಂಪು ಶಾಯಿಯಲ್ಲಿ ಗೀಚಿ, ಕಣ್ಣು ಎಲ್ಲಿಟ್ಟಿದ್ದೆ ಎಂದು ಕೇಳುವವಳು. ಸುಡುವ ಬಿಸಿಲಲ್ಲಿ ಕೂತು, ಸಣ್ಣ ಟ್ಯಾಂಕು ಬರಿದಾಗಿ ಮೋಟರು ಮತ್ತೆ ಮತ್ತೆ ಹೊಡೆದುಕೊಳ್ಳುತ್ತಿದ್ದರೆ ಅದಕ್ಕೇ ಬೈಯುತ್ತ, ನಾಲ್ಕೂ ಟೈರಿಗೆ ಮುಳ್ಳು ನಲವತ್ತು ತೋರಿಸುವ ತನಕ ತುಂಬಿದೆ. ಒಳಗೆ ಇದ್ದದ್ದು ನಲವತ್ತೆಂಟು. ಬೆರಳು ಒದ್ದೆ ಮಾಡಿ ವಾಲ್ವಿನ ಮೇಲೆ ಇಡಲಿಲ್ಲ, ನನಗೆ ಅದು ಹೇಸಿಗೆ.

ಕಾಕು ಹಿಂದಿನ ಸೀಟಿನಲ್ಲಿ ಕಾಕಾನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಶಹಾಪುರ ದಾಟಿದೆವು. ಕಾರು ಸಣ್ಣ ಸಣ್ಣ ಕಲ್ಲಿಗೂ ಪುಟಿಯುತ್ತಿತ್ತು. ಪ್ರತಿ ಕುಲುಕಿಗೆ ಕಾಕು ಹಲ್ಲು ಕಚ್ಚಿ ನರಳುತ್ತಿದ್ದಳು. ರಸ್ತೆ ಕೆಟ್ಟಿದೆ ಎಂದುಕೊಂಡೆ. ದೋರನಹಳ್ಳಿಯ ಹತ್ತಿರ ಕಾಕಾ, "ಗಾಡಿ ಭಾಳ ಕುಣೀಲಿಕತ್ತದಲ್ಲ" ಅಂದರು.

"ರೋಡ್ ಹಂಗದ ಕಾಕಾ" ಅಂದೆ. ಅವರು ಮತ್ತೆ ಮಾತಾಡಲಿಲ್ಲ. ಬೇಗ ಮುಟ್ಟಿಸಬೇಕೆಂದು ನಾನು ಜೋರಾಗಿ ಓಡಿಸಿದೆ.

ದೋರನಹಳ್ಳಿ ದಾಟಿ ಸ್ವಲ್ಪ ದೂರದಲ್ಲಿ ಎಡಗಡೆಯ ಹಿಂದಿನ ಟೈರು ಒಡೆಯಿತು. ಕಾರು ಅತ್ತ ಎಳೆದು ಇತ್ತ ಎಳೆದು, ರಸ್ತೆ ಬಿಟ್ಟು ಮಣ್ಣಿಗೆ ಇಳಿದು ನಿಂತಿತು. ಪುಣ್ಯಕ್ಕೆ ಉರುಳಲಿಲ್ಲ. ಮೇ ತಿಂಗಳ ಮಧ್ಯಾಹ್ನ, ರಸ್ತೆಯ ಮೇಲೆ ನರಪಿಳ್ಳೆ ಇಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದೆವು, ಎಲ್ಲಿಂದ ಬಂದರೂ ತಡವೇ ಆಗುವಂತಿತ್ತು. ಕಾಕುವನ್ನು ಇಳಿಸಿ ಜಾಲಿ ಮರದ ಚೂರು ನೆರಳಿನಲ್ಲಿ ನನ್ನ ದುಪಟ್ಟಾ ಹಾಸಿ ಮಲಗಿಸಿದೆವು. ಸ್ಟೆಪ್ನಿ ಚೆನ್ನಾಗಿತ್ತು, ಅದರ ಗಾಳಿ ಕಾಕಾ ಹಾಕಿದ್ದು. ಆದರೆ ಗಾಲಿಯ ನಟ್ಟುಗಳು ಕಾಕಾನ ಕೈಗೂ ಜಗ್ಗಲಿಲ್ಲ. ನಾನು ನಟ್ಟು ಬಿಚ್ಚುವ ಪಾನಾದ ಮೇಲೆ ನಿಂತು ಅಳುತ್ತ ಕುಣಿದೆ. ಬೈಕಿನವನೊಬ್ಬ ನಿಂತು ಕೈ ಕೊಟ್ಟ ಮೇಲೆಯೇ ಅವು ಬಿಟ್ಟದ್ದು. ಎಲ್ಲ ಸೇರಿ ಹತ್ತಿರ ಹತ್ತಿರ ಒಂದು ತಾಸು ಹೋಯಿತು.

ಈ ನಡುವೆ ಜಾಲಿ ಮರದ ಕೆಳಗೆ ಒಂದು ಮಾತು ನಡೆಯಿತು. ನಾನು ಈ ಬರಹ ಬರೆಯುತ್ತಿರುವುದೇ ಆ ಮಾತಿಗಾಗಿ.

ಕಾಕು ಕಣ್ಣು ತೆರೆದು ಒಡೆದ ಟೈರನ್ನು ನೋಡಿದಳು. ಆ ಸಂಕಟದಲ್ಲೂ ಅವಳ ಬಾಯಿ ಸುಮ್ಮನಿರಲಿಲ್ಲ. "ಊರಾವರ ಗಾಡಿಗೆಲ್ಲ ಗಾಳಿ ನೋಡಿದಿ. ಹೆಂಡತಿ ಒಯ್ಯೂ ಗಾಡಿಗಿ ನೋಡೂದು ಮರತಿ?" ಎಂದು ಕಾಕಾಗೆ ಕೇಳಿದಳು.

ನಾನು ಎರಡು ಮಾರು ದೂರದಲ್ಲಿ ಕೂತು ಜಾಕ್ ಎತ್ತುತ್ತಿದ್ದೆ. ಗಾಳಿ ಹಾಕಿದ್ದು ನಾನು ಕಾಕು, ಎಂದು ಹೇಳಲು ನಾಲ್ಕು ಶಬ್ದ ಸಾಕಾಗಿತ್ತು. ಹೇಳಲಿಲ್ಲ.

ಕಾಕಾ ಒಂದು ಗಳಿಗೆ ನನ್ನ ಕಡೆ ನೋಡಿದರು. ಆಮೇಲೆ ಅವಳ ಹಣೆಯ ಬೆವರು ಒರೆಸಿ, "ಹೌದು ಬೇ, ಮರತೆ" ಅಂದರು.

ಎದ್ದು ಕಾರಿನ ಹತ್ತಿರ ಬಂದು, ಉಳಿದ ಮೂರು ಟೈರುಗಳ ಮೇಲೆ ಒಂದೊಂದಾಗಿ ಹೆಬ್ಬೆರಳು ಒತ್ತಿ ನೋಡಿದರು. ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದು, ಕಡ್ಡಿಯಿಂದ ವಾಲ್ವಿನ ನಡುವಿನ ಮೊಳೆ ಒತ್ತಿ ಗಾಳಿ ಬಿಡತೊಡಗಿದರು. ಸುಂಯ್ ಎಂದು ಹೊರಗೆ ಬರುತ್ತಲೇ ಇತ್ತು, ಎಷ್ಟು ಹೊತ್ತಾದರೂ ಮುಗಿಯಲೊಲ್ಲದು.

"ಯಾಕ ಬಿಡ್ತೀರಿ ಕಾಕಾ?" ಎಂದೆ.

"ಬಿಸಲ ಭಾಳ ಅದ" ಅಂದರು. ನನ್ನ ಮುಖ ನೋಡಲಿಲ್ಲ.

ಆ ಸುಂಯ್ ಕೇಳುತ್ತ ಕೂತಾಗ ನನಗೆ ಲೆಕ್ಕ ತಿಳಿಯಿತು. ಕಳೆಯಬೇಕಾಗಿತ್ತು.

ಯಾದಗಿರಿಯ ದವಾಖಾನೆ ಮುಟ್ಟುವಾಗ ಕಾಕುವಿಗೆ ಪ್ರಜ್ಞೆ ಇತ್ತು. ಮೂರನೆಯ ದಿನ ಬೆಳಿಗ್ಗೆ ಹೋಗಿಬಿಟ್ಟಳು. ಒಂದು ತಾಸು ಮೊದಲು ಬಂದಿದ್ದರೆ ಎಂದು ಡಾಕ್ಟರನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದೆ. ಹೇಳಲಿಕ್ಕೆ ಬರುವುದಿಲ್ಲ ಎಂದರು. ಇಲ್ಲ ಎನ್ನಬಹುದಿತ್ತು, ಹೌದು ಎಂದು ಬೈಯಲೂಬಹುದಿತ್ತು. ಎರಡೂ ಅಲ್ಲದ ಆ ಮಾತನ್ನು ನಾನು ಇವತ್ತಿಗೂ ಹೊತ್ತುಕೊಂಡು ತಿರುಗುತ್ತಿದ್ದೇನೆ.

ಅವರ ಒಬ್ಬಳೇ ಮಗಳು ನಾರಾಯಣಪುರದಲ್ಲಿದ್ದಳು, ಗಂಡನಿಗೆ ಅಲ್ಲಿ ಡ್ಯಾಮಿನ ಮೇಲೆ ಕೆಲಸ. ಮಣ್ಣು ಮುಗಿಸಿ ಬಂದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದಾಗ ಅವಳು ಅಪ್ಪನನ್ನು ಕೇಳಿದಳು, ಏನಾಗಿತ್ತು ಎಂದು. ಕಾಕಾ ಅದನ್ನೇ ಹೇಳಿದರು.

"ಗಾಡಿ ಹದಿನೈದು ದಿನ ನಿಂತಿತ್ತು. ನಾ ಗಾಳಿ ನೋಡಬೇಕಿತ್ತು. ಮರತೆ."

ಮಗಳು ಅಪ್ಪನನ್ನು ನೋಡಿದ ಆ ನೋಟ ನಾನು ನೋಡಬಾರದಾಗಿತ್ತು. ಮೂಲೆಯಲ್ಲಿ ಕೂತಿದ್ದ ನಾನು ಬಾಯಿ ತೆರೆದೆ. ಕಾಕಾ ಎಡಗಿವಿ ನನ್ನ ಕಡೆ ತಿರುಗಿಸಿ ಕೂತರು. ಬಾಯಿ ಮುಚ್ಚಿದೆ.

ಬಂದವರೆಲ್ಲ ಕೇಳಿದರು, ಅವರು ಎಲ್ಲರಿಗೂ ಅದೇ ಮೂರು ಮಾತು ಹೇಳಿದರು, ಒಂದಕ್ಷರ ಹೆಚ್ಚು ಕಡಿಮೆ ಇಲ್ಲದೆ. ಸುದ್ದಿ ಕ್ಯಾಂಪಿನ ತುಂಬ ಹರಡಿತು. ನಾಲ್ಕು ತಿಂಗಳ ನಂತರ ಮತ್ತೆ ಕಂಪ್ರೆಸರ್ ಹೊರಗೆ ತೆಗೆದಾಗ ಭಾನುವಾರದ ಸಾಲು ಗಿಡ್ಡವಾಗಿತ್ತು. ಒಬ್ಬರು ಇನ್ನೊಬ್ಬರಿಗೆ ಹೇಳುವುದನ್ನು ನಾನೇ ಕಿರಾಣಿ ಅಂಗಡಿಯಲ್ಲಿ ಕೇಳಿದೆ: "ಸ್ವಂತ ಹೆಂಡತಿ ಒಯ್ಯೂ ಗಾಡಿಗೇ ಗಾಳಿ ನೋಡಲಿಲ್ಲಂತ. ವಯಸ್ಸಾತು, ಮರವು ಬಂದದ. ಆತನ ಕೈಯಾಗ ಗಾಡಿ ಕೊಡೂದು ಬ್ಯಾಡ." ಸಕ್ಕರೆಯ ಪೊಟ್ಟಣ ಹಿಡಿದುಕೊಂಡು ಮನೆಗೆ ಬಂದೆ. ಅವರಿಗೆ ಇದ್ದ ಹೆಸರು ಅದೊಂದೇ, ಗಾಳಿಯ ವಿಷಯದಲ್ಲಿ ಎಂದೂ ತಪ್ಪದವರು ಎಂದು. ನನ್ನ ಒಂದು ಮಾತಿನಿಂದ ಅದು ಉಳಿಯುತ್ತಿತ್ತು. ಸಾಲು ಮೂರು ಕಾರಿಗೆ ಬಂತು, ಎರಡಕ್ಕೆ ಬಂತು, ಕೊನೆಗೆ ನನ್ನದೊಂದೇ ಉಳಿಯಿತು. ಮಗಳು ವರ್ಷಕ್ಕೊಮ್ಮೆ ಬಂದು ಅವ್ವನ ಫೋಟೊಗೆ ಹೂ ಹಾಕಿ, ಊಟಕ್ಕೆ ನಿಲ್ಲದೆ ಹೋಗುತ್ತಿದ್ದಳು.

ನನ್ನ ಕಾರಿಗೆ ಮಾತ್ರ ಅವರು ಪ್ರತಿ ಭಾನುವಾರ ತಪ್ಪದೆ ಗಾಳಿ ನೋಡಿದರು. ಇಪ್ಪತ್ನಾಕು ಎಂದು ಗಟ್ಟಿಯಾಗಿ ಹೇಳಿ, ಬೆರಳು ಒದ್ದೆ ಮಾಡಿ, ಐದು ಸಲ ಗುಳ್ಳೆ ನೋಡಿ ಎದ್ದು ಹೋಗುತ್ತಿದ್ದರು. ಚಹಾ ಮಾಡುವವಳು ಇರಲಿಲ್ಲ, ನಾನು ತಂದುಕೊಟ್ಟರೆ ಕುಡಿಯುತ್ತಿದ್ದರು. ಯಾದಗಿರಿಯಿಂದ ಒಂದು ಹೊಸ ಗನ್ ತಂದುಕೊಟ್ಟೆ, ಮುಳ್ಳು ಸರಿಯಾಗಿದ್ದದ್ದು. ಛಲೋ ಅದ ಎಂದು ಹೇಳಿ ಪ್ಲಾಸ್ಟಿಕ್ ಚೀಲ ಸಮೇತ ಗೂಟಕ್ಕೆ ನೇತು ಹಾಕಿದರು. ಬಿಚ್ಚಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಬೈದಿದ್ದರೆ, ಒಂದು ಸಲ ಬಾಗಿಲು ದಡಾರನೆ ಹಾಕಿಕೊಂಡಿದ್ದರೆ, ನಾನು ಅತ್ತು ಹಗುರಾಗುತ್ತಿದ್ದೆ. ಅವರ ಒಳ್ಳೆಯತನವೇ ನನ್ನ ಎದೆಯ ಮೇಲೆ ಕೂತಿದೆ ಎಂದುಕೊಂಡಿದ್ದೆ. ಅದು ಒಳ್ಳೆಯತನವಲ್ಲ ಎಂದು ಗೊತ್ತಾಗಲು ಎರಡು ವರ್ಷ ಬೇಕಾಯಿತು.

ಎರಡು ವರ್ಷದ ನಂತರ ಮಳೆಗಾಲದಲ್ಲಿ ಅವರಿಗೆ ಜ್ವರ ಹಿಡಿದದ್ದು ಬಿಡಲಿಲ್ಲ. ಅನ್ನ ಸೇರದಾಯಿತು. ದವಾಖಾನೆಗೆ ಬರ್ರಿ, ಗಾಡಿ ತೆಗೆಯುತ್ತೇನೆ ಎಂದರೆ ಬೇಡ ಎನ್ನುತ್ತಿದ್ದರು. ಒಂದು ಸಂಜೆ ಗಂಜಿ ಒಯ್ದಾಗ ಅವರು ಕಂಪ್ರೆಸರಿನ ಕಡೆ ಕೈ ತೋರಿಸಿದರು. ನಾನು ಹೋಗಿ ತಳದ ತಿರುಪು ಬಿಚ್ಚಿ ನೀರು ಬಿಟ್ಟು ಬಂದೆ. ಬಂದು ಮಂಚದ ಪಕ್ಕ ಕೂತು, ಇವತ್ತು ಹೇಳದಿದ್ದರೆ ಇನ್ನೆಂದೂ ಇಲ್ಲ ಎಂದು ಶುರು ಮಾಡಿದೆ.

"ಕಾಕಾ, ಅವತ್ತ ನಾನು..."

"ಹೇಳಬ್ಯಾಡ."

"ಹೇಳಾಕಬೇಕು ಕಾಕಾ. ನಾ ಕಳಿಯೂ ಬದಲಿ..."

"ಗೊತ್ತದ. ನೀ ಹೇಳಿದ್ರ ನಾನೂ ಹೇಳಬೇಕಾಗ್ತದ, ಅದಕ ಬ್ಯಾಡ ಅಂತೀನಿ" ಅಂದರು. ಮಗ್ಗುಲು ಬದಲಿಸಿದರು. ಹೇಳುವುದಿಲ್ಲ ಎಂದುಕೊಂಡೆ, ಆದರೆ ಹೇಳಿದರು. ಗೋಡೆಯನ್ನು ನೋಡುತ್ತ ಹೇಳಿದರು.

"ಗಾಡಿ ಕುಣಿಯೂದು ರೋಡಿಂದಲ್ಲ ಅಂತ ನನಗ ದೋರನಹಳ್ಯಾಗಽ ತಿಳದಿತ್ತು. ಮೂವತ್ತು ವರ್ಷ ಅದರಾಗಽ ತಗದೀನಿ, ನನಗ ತಿಳಿಯಂಗಿಲ್ಲೇನು? ನಿಂದರಸು ಅನಬೇಕಿತ್ತು. ಗಾಳಿ ಬಿಡಾಕ ಹತ್ತು ನಿಮಿಷ ಸಾಕಿತ್ತು. ಆಕಿ ನರಳೂದು ಕೇಳಿ, ಹತ್ತು ನಿಮಿಷ ಯಾಕ ಹಾಳು ಮಾಡಬೇಕು, ಯಾದಗಿರಿ ತನಕ ಹೋಗ್ತದ ಅಂತ ಸುಮ್ಮ ಕುಂತೆ. ನಿನಗ ಗೊತ್ತಿದ್ದಿಲ್ಲ. ನನಗ ಗೊತ್ತಿತ್ತು."

"ಮತ್ತ ಕಾಕುಗ ಮರತೆ ಅಂತ ಯಾಕಂದ್ರಿ?"

"ನಿನ್ನ ಉಳಸಾಕ ಅಂತ ತಿಳಕೊಂಡಿ?" ಅಂದರು. ನಗಲು ನೋಡಿದರು, ಕೆಮ್ಮು ಬಂತು. "ಗೊತ್ತಿದ್ದೂ ಸುಮ್ಮ ಕುಂತೆ ಅನ್ನೂದಕ್ಕಿಂತ ಮರತೆ ಅನ್ನೂದು ಹಗರ ಇತ್ತವ್ವಾ. ಅದಕ ಅಂದೆ. ಒಮ್ಮಿ ಅಂದ ಮ್ಯಾಲ ದಿನಾ ಅದನ್ನೇ ಅನಬೇಕಾತು."

ನಾನು ಅವರ ಕೈ ಹಿಡಿದೆ. ಅವರು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಕ್ಷಮಿಸ್ರಿ ಎನ್ನಲು ಬಾಯಿ ಬರಲಿಲ್ಲ. ಕ್ಷಮಿಸಲು ಅವರ ಹತ್ತಿರ ಏನೂ ಉಳಿದಿರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ತಪ್ಪು ಮಾಡಿದ ಇಬ್ಬರು ಒಂದು ಕೋಣೆಯಲ್ಲಿ ಕೂತಿದ್ದೆವು, ಅಷ್ಟೆ. ತಪ್ಪು ಮಾಡದಿದ್ದವಳೊಬ್ಬಳು, ಅವಳ ಫೋಟೊ ಗೋಡೆಯ ಮೇಲಿತ್ತು.

"ಮಗಳಿಗಿ ಹೇಳಬ್ಯಾಡ. ಮರತ ಅಪ್ಪ ಅಂತ ಸಿಟ್ಟಿರಲಿ. ಗೊತ್ತಿದ್ದು ಸುಮ್ಮ ಕುಂತ ಅಪ್ಪ ಆಕಿಗಿ ಬ್ಯಾಡ" ಅಂದರು. ಆಯಿತು ಎಂದೆ. ಗಂಜಿ ಆರಿಹೋಗಿತ್ತು. ಬಿಸಿ ಮಾಡಿ ತಂದೆ, ಎರಡು ಚಮಚ ಕುಡಿದರು.

ಅದಾದ ಒಂಬತ್ತನೆಯ ದಿನ ಹೋದರು. ಬೆಳಿಗ್ಗೆ ಹಾಲು ಕೊಡುವವನು ಕೂಗಿದರೂ ಏಳಲಿಲ್ಲ ಎಂದು ನನ್ನನ್ನು ಕರೆದ. ಬಲಗೈ ಎದೆಯ ಮೇಲಿತ್ತು. ತೋರುಬೆರಳಿನ ತುದಿ ಒಣಗಿತ್ತು. ಆ ಬೆರಳು ಒಣಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಗಳು ಬಂದಳು, ಕಾರ್ಯ ಮಾಡಿದಳು, ಮನೆ ಖಾಲಿ ಮಾಡಿದಳು. ಕೊನೆಗೆ ಕಂಪ್ರೆಸರ್ ಉಳಿಯಿತು. ಗುಜರಿಗೆ ಹಾಕುವುದಕ್ಕಿಂತ ನೀವಽ ಇಟ್ಕೊಳ್ರಿ ಟೀಚರ ಎಂದು ಎಳೆದು ತಂದು ನನ್ನ ವರಾಂಡದಲ್ಲಿ ಬಿಟ್ಟಳು. ಜೊತೆಗೆ ಚೀಲ ಬಿಚ್ಚದ ಹೊಸ ಗನ್ನನ್ನೂ ಕೊಟ್ಟಳು. ಹೊರಡುವಾಗ ಗೇಟಿನ ಹತ್ತಿರ ನಿಂತು ಒಂದು ಗಳಿಗೆ ಅದನ್ನೇ ನೋಡಿದಳು. ಆಗ ಅವಳ ಕಣ್ಣಲ್ಲಿ ನೀರು ಬಂತು, ಅಪ್ಪ ಸತ್ತ ಮೇಲೆ ಮೊದಲ ಸಲ.

"ಎಲ್ಲರ ಗಾಡಿ ನೋಡತಿದ್ದ ನಮ್ಮಪ್ಪ. ಅವತ್ತೊಂದಿನ ಮರೀಬಾರದಿತ್ತು ನೋಡ್ರಿ" ಅಂದಳು.

ನಾನು "ಹೂಂ" ಅಂದೆ.

ಕೊಟ್ಟ ಮಾತಿಗೆ ಹೂಂ ಅಂದೆನೋ, ಜಾಲಿ ಮರದ ಕೆಳಗೆ ಸುಮ್ಮನಿದ್ದ ಅದೇ ಹೇಡಿತನಕ್ಕೆ ಅಂದೆನೋ, ನನಗೇ ತಿಳಿಯದು. ಈ ಬರಹದಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಅದನ್ನು ಮರ್ಯಾದೆ ಎಂದು ಯಾರೂ ತಿಳಿಯುವುದು ಬೇಡ.

ಈಗ ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ನಾನೇ ಕಂಪ್ರೆಸರ್ ಹಚ್ಚುತ್ತೇನೆ. ಹಳೆಯ ಗನ್ನೇ, ಮುಳ್ಳು ಈಗಲೂ ಎಂಟು ಕಡಿಮೆ ಹೇಳುತ್ತದೆ. ಇಪ್ಪತ್ನಾಲ್ಕಕ್ಕೆ ಬಿಡುತ್ತೇನೆ. ಬೆರಳು ನಾಲಿಗೆಗೆ ಒತ್ತಿ ವಾಲ್ವಿನ ಮೇಲೆ ಇಟ್ಟು ಕೂಡುತ್ತೇನೆ. ಬಾಯಿಗೆ ಮಣ್ಣಿನ ರುಚಿ ಬರುತ್ತದೆ, ಗುಳ್ಳೆ ಏಳುವುದಿಲ್ಲ. ಸಂಜೆ ತಿರುಪು ಬಿಚ್ಚಿ ಕಂದು ನೀರು ಬಿಡುತ್ತೇನೆ. ಇದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿದೆ.

ಹೇಳಬೇಡ ಎಂದಿದ್ದರು, ಬರೆಯಬೇಡ ಎಂದಿರಲಿಲ್ಲ. ಆದ್ದರಿಂದ ಬರೆಯುತ್ತೇನೆ. ಅವರು ಮರೆತಿರಲಿಲ್ಲ. ಹೆಂಡತಿಯ ಸೀರೆಯ ಸೆರಗು ಸರಿ ಮಾಡುತ್ತ, ಆ ಗಡಿಬಿಡಿಯಲ್ಲೂ, ಒಳಗಿನಿಂದ ಕೂಗಿ ಕೇಳಿದ್ದರು, ಎಂಟು ನೆನಪದ ಅಲ ಎಂದು. ನಾನು ನೆನಪದ ಎಂದಿದ್ದೆ.